ಮೇಷ್ಟ್ರ ಗುಂಡಿ

ಕಿಟಕಿಯಲ್ಲಿಟ್ಟ ನೀಲಿ ಜೇಡಿಯ ಹೆಂಟೆಗೆ ಮಳೆಯ ಇರಚಲು ತಾಗಿ ಕೋಣೆಯೆಲ್ಲ ಕೆರೆಯಂಗಳದ ವಾಸನೆ. ಇದನ್ನು ಎಸೆಯಲು ನನ್ನ ಹೆಂಡತಿ ಹತ್ತು ಸಲ ನೋಡಿದ್ದಾಳೆ, ನಾನು ಬಿಟ್ಟಿಲ್ಲ. ಯಾಕೆ ಅಂತ ಹೇಳಿದರೆ ನನ್ನ ಮಾನವೇ ಹೋಗುವುದು. ಹೋಗಲಿ ಬಿಡಿ, ಕೇಳಿ.

ನಾಗಮಂಗಲದ ಕಡೆ ನಮ್ಮೂರಲ್ಲೊಂದು ಕಟ್ಟೆಯಿದೆ. ಕಟ್ಟೆ ಅನ್ನುವುದು ಬಾಯಿಮಾತಿಗೆ, ಅದನ್ನು ಯಾರೂ ಕಟ್ಟಿಲ್ಲ. ಏರಿಯಿಲ್ಲ, ತೂಬಿಲ್ಲ, ಕೋಡಿಯಿಲ್ಲ. ಸುತ್ತ ಬಂಡೆದಿಬ್ಬ, ನಡುವೆ ತಟ್ಟೆಯಂಥ ತಗ್ಗು. ನಾಲ್ಕೂ ಕಡೆಯಿಂದ ನೀರು ಬರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಎದೆಮಟ್ಟ ನೀರು ಅಷ್ಟೆ, ಆದರೂ ಯುಗಾದಿ ದಾಟುವವರೆಗೆ ಊರ ದನಕ್ಕೆ ಸಾಲುತ್ತಿತ್ತು.

ನಾನು ಪಾಂಡವಪುರದಲ್ಲಿ ಭೂಗೋಳದ ಮೇಷ್ಟ್ರು. ಹೋದ ವರ್ಷ ಬೇಸಿಗೆಯಲ್ಲಿ ಹೂಳೆತ್ತಲು ಜೆಸಿಬಿ ಬಂದಾಗ ಊರವರು ನನ್ನನ್ನೇ ಮುಂದೆ ನಿಲ್ಲಿಸಿದರು. ಆಳವಾದಷ್ಟೂ ನೀರು ಅಂತ ಭಾಷಣ ಬಿಗಿದೆ. ವಾಡಿಕೆಯಂತೆ ಮೇಲಿನ ಗೇಣುದ್ದ ಗೋಡುಮಣ್ಣನ್ನಷ್ಟೇ ಹೊಲಕ್ಕೆ ಹೊರುತ್ತಿದ್ದ ನಮ್ಮ ಸೋದರತ್ತೆ ಕೆಂಪಮ್ಮ ತಲೆಮೇಲಿನ ಮಂಕರಿ ಇಳಿಸಿ, ಗುಂಡಿಗಿಳಿದು, ಮೆಷಿನ್ನಿನ ಮುಂದೆ ಕೂತೇಬಿಟ್ಟಳು.

"ಮಡಕೆ ತಳ ಕೆರೆದ್ರೆ ಮಡಕೆ ದೊಡ್ದಾಯ್ತದೇನ್ಲಾ?" ಅಂದಳು. "ನೀಲಿ ಮಣ್ಣು ಕಂಡ ಮೇಲೆ ಕೈಯೆತ್ಬುಡಬೇಕು ಕಣ್ಲಾ."

ಮೆಷಿನ್ನು ನಿಂತಿತು, ಆದರೆ ಅಷ್ಟರಲ್ಲಿ ಒಂದು ಮೂಲೆ ಬಗೆದಾಗಿತ್ತು. ತಳದಲ್ಲಿ ಪುಡಿಗಲ್ಲಿನ ಗರಸು ಕಾಣುತ್ತಿತ್ತು. ನಾನು ಬಗೆದು ಹಾಕಿದ್ದ ನೀಲಿ ಜೇಡಿಯ ಒಂದು ಹೆಂಟೆ ಎತ್ತಿಕೊಂಡು ಬಸ್ಸು ಹತ್ತಿದೆ.

ಆಮೇಲೆ ಪುಸ್ತಕ ತಿರುವಿದೆ. ನೆಲದೊಳಗಿನ ಬಂಡೆ ಮೆತ್ತಗಿದ್ದಲ್ಲಿ ಕೊಳೆತು ತಗ್ಗಾಗಿದೆ. ದಿಬ್ಬಗಳಿಂದ ತೊಳೆದು ಬಂದ ನುಣ್ಣನೆ ಜೇಡಿ, ಎಷ್ಟು ಸಾವಿರ ಮಳೆಗಾಲವೋ, ತಳದಲ್ಲಿ ಪದರ ಪದರವಾಗಿ ಕೂತು ನೀರು ಹಿಡಿದಿದೆ. ಅದರಡಿ ಗರಸು, ಎಷ್ಟು ಸುರಿದರೂ ಕುಡಿಯುತ್ತದೆ. ನಾನು ಇಪ್ಪತ್ತು ವರ್ಷ ಪಾಠ ಹೇಳಿದ್ದನ್ನು ಶಾಲೆ ಮೆಟ್ಟಿಲು ಹತ್ತದ ಆ ಹೆಂಗಸು ಹಿಮ್ಮಡಿಯಲ್ಲೇ ತಿಳಿದಿದ್ದಳು. ಎಂಥ ಹೆಂಗಸು ಅಂತೀರಿ!

ಮಳೆಗಾಲ ಕಳೆದು ಶಿವರಾತ್ರಿಗೇ ಕಟ್ಟೆ ಬತ್ತಿತು. ದನಗಳು ಬಂದು ಒಣಗಿದ ಅಂಗಳ ಮೂಸಿ ನಿಂತವು. ಯಾರೂ ಬೈಯಲಿಲ್ಲ, ಆ ಮೂಲೆಗೆ ಮೇಷ್ಟ್ರ ಗುಂಡಿ ಅಂತ ಹೆಸರಿಟ್ಟರು, ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಈ ಬೇಸಿಗೆಯಲ್ಲಿ ಅತ್ತೆ, ಜೆಸಿಬಿ ದಡಕ್ಕೆ ರಾಶಿ ಹಾಕಿದ್ದ ಜೇಡಿಯನ್ನೇ ನೆನೆಸಿ ಗುಂಡಿಗೆ ತುಂಬಿಸಿದಳು. ಎಮ್ಮೆಗಳನ್ನು ಬಿಟ್ಟು ತುಳಿಸಿದಳು. ಪಂಚೆ ಎತ್ತಿ ಕಟ್ಟಿ ನಾನೂ ತುಳಿದೆ. ಎಮ್ಮೆಗಿಂತ ನೀನೇ ವಾಸಿ ಕಣ್ಲಾ ಅಂತ ನಕ್ಕಳು.

ಹೋದ ವಾರ ಅಲ್ಲಿ ದೊಡ್ಡ ಮಳೆ. ಅವತ್ತಿನಿಂದ ನನಗೆ ಫೋನಿನ ಮೇಲೇ ಕಣ್ಣು. ಈಗ ಅತ್ತೆಯ ಫೋನು ಬಂತು.

"ಏಳು ದಿನ ಆಯ್ತು. ನಿನ್ ಗುಂಡೀಲೂ ನೀರು ನಿಂತದೆ ಕಣ್ಲಾ."

ಹೆಂಟೆಯನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ. ಬೆಳಗಿನ ಬಸ್ಸಿಗೆ ಹೋಗಿ, ಅದನ್ನು ಅದರ ಜಾಗಕ್ಕೇ ಹಾಕಿ ಬರುತ್ತೇನೆ.