ಎರಡು ಸಹಿಗಳ ಮನುಷ್ಯ

ರಾಜಶೇಖರ್ ಸಾರ್‌ಗೆ ಎರಡು ಸಹಿಗಳಿದ್ದವು. ಕಾಗದದ ಎಡಮೂಲೆಯಲ್ಲಿ ಹಸಿರು ಶಾಯಿಯ ಪುಟ್ಟ ಇನಿಷಿಯಲ್ ಬಿದ್ದರೆ 'ನೋಡಿದೆ' ಎಂದರ್ಥ. ಕೆಳಗೆ ಪೂರ್ತಿ ಹೆಸರು ಬಿದ್ದರೆ ಮಾತ್ರ 'ಒಪ್ಪಿದೆ'. ಜಯನಗರದ ನಮ್ಮ ಔಷಧಿ ಕಂಪನಿಗೆ ಅವರು ಜನರಲ್ ಮ್ಯಾನೇಜರ್. ಮನಸ್ಸು ಒಪ್ಪದ ಫೈಲಿಗೆ ಇನಿಷಿಯಲ್ ಹಾಕಿ ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಮಲಗಿಸುತ್ತಿದ್ದರು.

"ಬೇಡ ಅಂದ್ರೆ ಜಗಳ. ನೋಡಿದೀನಿ ಅಂದ್ರೆ ಯಾವ ಜಗಳಾನೂ ಇಲ್ಲ ಕಣಮ್ಮ."

ಫೈಲುಗಳೆಲ್ಲ ಕಂಪ್ಯೂಟರಿಗೆ ಹೋದಾಗ ಅವರಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. "ನನ್ನ ಮುಖ ನೋಡಿದ್ರೆ ಸಾಕು, ನಿನ್ನ ಸ್ಕ್ರೀನ್ ನಿದ್ದೆ ಮಾಡ್ಬಿಡತ್ತೆ," ಎಂದು ಗೊಣಗುತ್ತಲೇ ಕಲಿತರು. ಒಂದು ದಿನ ಕೇಳಿದರು: "ಇದ್ರಲ್ಲಿ ನನ್ನ ಇನಿಷಿಯಲ್ ಎಲ್ಲಿ ಹಾಕ್ಲಿ?"

"ಈ ಬಟನ್ ಒತ್ತಿದ್ರೆ ಆಯ್ತು ಸಾರ್."

ಈ ದೃಶ್ಯವನ್ನು ಮನಸ್ಸಿನಲ್ಲೇ ಎಷ್ಟೋ ಸಲ ತಿದ್ದಿದ್ದೇನೆ. ಒಮ್ಮೆ ಅವರು ಕೇಳಲೇ ಇಲ್ಲ, ತಾವೇ ಊಹಿಸಿಕೊಂಡರು. ಇನ್ನೊಮ್ಮೆ ನಾನು ಎಚ್ಚರಿಸಿದ್ದೆ. ಎರಡೂ ಸುಳ್ಳು. ನನಗೆ ಊಟಕ್ಕೆ ಹೊತ್ತಾಗಿತ್ತು, ಹೇಳಿಬಿಟ್ಟೆ. ಅದು ಒಪ್ಪಿಗೆಯ ಬಟನ್.

ಮುಂದಿನ ವಾರ ಟಪಾಲು ವಿಭಾಗ ಮುಚ್ಚುವ ಪ್ರಸ್ತಾವ ಬಂತು. ಅಲ್ಲಿ ಇದ್ದವರು ಗಿರಿಜಮ್ಮ ಒಬ್ಬರೇ. ಸಾರ್ ಓದಿದರು, ಓದಿದ ಗುರುತಿಗೆ ಬಟನ್ ಒತ್ತಿದರು. ಊಟದ ಹೊತ್ತಿಗೆ ಗಿರಿಜಮ್ಮನ ಕೆಲಸ ಹೋಗಿತ್ತು.

ಸಾರ್ ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಮುಚ್ಚಳ ತೆಗೆದ ಪೆನ್ನಿತ್ತು. ಇತ್ತೇ? ಆ ಪೆನ್ನನ್ನು ಆಮೇಲೆ ನೆನಪಿನಲ್ಲಿ ನಾನೇ ಅಲ್ಲಿ ಇಟ್ಟಿರಬಹುದು. ಮಾತು ಮಾತ್ರ ಅವರದೇ:

"ನಾನು ಬರೀ ನೋಡಿದ್ದು ಕಣಮ್ಮ."

ಅವರು ಮೇಲಿನವರ ಹತ್ತಿರ ಹೋಗಿ ಬೇಡಿಕೊಂಡರು. "ನಿಮ್ಮ ಒಪ್ಪಿಗೆಗೇ ಕಾಯ್ತಿದ್ವಲ್ಲ," ಎಂದರಂತೆ ಮೇಲಿನವರು.

ಭಾನುವಾರ ಚಿಕ್ಕಲಸಂದ್ರದ ಗಿರಿಜಮ್ಮನ ಮನೆಗೆ ಸಾರ್ ನನ್ನನ್ನೂ ಕರೆದೊಯ್ದರು.

"ತಪ್ಪಾಗಿ ಒತ್ತಿಬಿಟ್ಟೆ ಗಿರಿಜಮ್ಮ. ನಂಗೆ ಗೊತ್ತಾಗ್ಲಿಲ್ಲ."

ಆಕೆ ಕಾಫಿ ಲೋಟಗಳನ್ನು ನಮ್ಮ ಮುಂದಿಟ್ಟರು. "ಇಪ್ಪತ್ತು ವರ್ಷದಿಂದ ನಿಮ್ಮ ಕಾಗದ ನೋಡ್ತಿದೀನಿ ಸಾರ್. ನೀವು ತಪ್ಪಾಗಿ ಏನೂ ಮಾಡೋರಲ್ಲ. ನಾನು ಬೇಡ ಅನ್ನಿಸ್ತು, ಹೇಳ್ಬಿಡಿ ಪರವಾಗಿಲ್ಲ."

ಸಾರ್ ನನ್ನ ಕಡೆ ನೋಡಲಿಲ್ಲ. ನಾನು ಕಾಫಿ ಕುಡಿದೆ.

ಹೊರಗೆ ಬಂದಮೇಲೆ "ಬಿಸಿಲಿದೆ, ಆಟೋ ಹಿಡ್ಕೊಂಡು ಹೋಗು," ಎಂದರು. ಅಷ್ಟೇ. ಮರುದಿನ ರಾಜೀನಾಮೆ ಕಳಿಸಿದರು, ಕಚೇರಿಗೆ ಬರಲಿಲ್ಲ.

ಅವರ ಜಾಗಕ್ಕೆ ಬಂದ ಹೊಸ ಸಾಹೇಬರು ಮೊದಲ ದಿನವೇ ನನ್ನನ್ನು ಕರೆಸಿದರು. "ಕಂಪ್ಯೂಟರ್ ನೀವೇ ಹೇಳ್ಕೊಡ್ಬೇಕಂತೆ. ತುಂಬ ತಾಳ್ಮೆಯಿಂದ ಕಲಿಸ್ತಾಳೆ ಅಂತ ರಾಜಶೇಖರ್ ರಾಜೀನಾಮೆ ಜೊತೆ ಬರೆದು ಕಳಿಸಿದಾರೆ."