ಕನ್ನಡ ಬಾರದ ಡಾಕ್ಟರು

ಎಂಬತ್ತರ ದಶಕದಲ್ಲಿ ಒಂದು ದಿನ ನನ್ನ ಬಲಗೈ ಮೇಲೇಳಲಿಲ್ಲ. ಪರೀಕ್ಷೆಯಲ್ಲಿ ನರ ಸರಿಯಾಗಿಯೇ ಇತ್ತು. ತಮಿಳು ಸೀಮೆಯ ಸೂಲೂರಿನಲ್ಲಿ ನಾನು ದುಡಿಯುತ್ತಿದ್ದ ನೂಲಿನ ಮಿಲ್ಲಿನವರು ನಾಟಕವೆಂದರು. ನಂಬಿದವರು ಪೀಳಮೇಡಿನ ಮನೋವೈದ್ಯರೊಬ್ಬರೇ.

"ಮನೆಮಾತಲ್ಲೇ ಹೇಳಮ್ಮ, ನಿನಗೆ ಕೇಳಿಸಿದರೆ ಸಾಕು," ಎಂದು ತಮಿಳಿನಲ್ಲಿ ಹೇಳಿ, ಪೆನ್ನು ಮುಚ್ಚಿಟ್ಟು ಕಿಟಕಿಯತ್ತ ತಿರುಗಿ ಕೂರುತ್ತಿದ್ದರು. ನಾನು ತಡವರಿಸಿದಾಗಲೆಲ್ಲ ಒಂದೇ ಮಾತು: "ಅಪ್ಪುರಂ?" ಆಮೇಲೆ?

ಮೂರನೆಯ ವಾರ ಅತ್ತುಬಿಟ್ಟೆ. "ಮಿಲ್ಲಲ್ಲಿ ಮೇಸ್ತ್ರಿ ನನ್ ತಂಗೀಗೆ ಹೊಡ್ದ. ಈ ಕೈ ಅವನಿಗೆ ತಿರುಪ್ಪಿ ಹೊಡೀಲೇ ಇಲ್ಲ." ಬೆರಳುಗಳು ಅಲುಗಿದವು.

ಮರುವಾರ ನಾನು ಡಾಕ್ಟರ ಎದುರು ಕೂತಿದ್ದಾಗಲೇ ಮಿಲ್ಲಿನ ಮ್ಯಾನೇಜರ್ ನುಗ್ಗಿ ಬಂದ. "ಇವಳು ನಮ್ಮ ಮೇಲೆ ಏನೇನು ಹೇಳಿದಳು? ಬರೆದುಕೊಡಿ. ಇಲ್ಲದಿದ್ದರೆ ನಮ್ಮ ಕೆಲಸಗಾರರನ್ನು ಯಾರನ್ನೂ ನಿಮ್ಮ ಹತ್ತಿರ ಕಳಿಸುವುದಿಲ್ಲ."

ಡಾಕ್ಟರು ಪೆನ್ನನ್ನು ಮುಟ್ಟಲೂ ಇಲ್ಲ.

"ಕನ್ನಡದಲ್ಲಿ ಹೇಳಿದಳು. ನನಗೆ ಕನ್ನಡ ಬಾರದು. ಅಪ್ಪುರಂ?"