ಅಳಿಯ ಮುನಿಸಿಕೊಂಡ ಸಂಕ್ರಾಂತಿ

ಫುಟ್‌ಬಾಲ್ ನೋಡುತ್ತೇನೆ ಎಂದರೆ ನಮ್ಮ ಗೌರಿಬಿದನೂರಿನಲ್ಲಿ ಯಾರೂ ನಗುವುದಿಲ್ಲ. ಯಾವ ದೇಶದ ಕಡೆ ಎಂದು ಕೇಳಿ, ನಾನು ಇಂಡಿಯಾ ಎಂದಾಗ ನಗುತ್ತಾರೆ. ನಾನು ಗುಮಾಸ್ತನಾಗಿರುವ ಕಚೇರಿಯಲ್ಲಿ ಅರ್ಜೆಂಟೀನಾದವರಿದ್ದಾರೆ, ಬ್ರೆಜಿಲ್‌ನವರಿದ್ದಾರೆ, ಪೋರ್ಚುಗಲ್ ಸೋತಿತೆಂದು ರಜೆ ಹಾಕಿದವರೂ ಒಬ್ಬರಿದ್ದಾರೆ. ಅವರ ತಂಡ ಸೋತರೆ ಸಮಾಧಾನ ಹೇಳಲು ಹತ್ತು ಜನ ಸೇರುತ್ತಾರೆ. ನಮ್ಮ ತಂಡ ಸೋತದ್ದು ಯಾರಿಗೂ ತಿಳಿಯುವುದೇ ಇಲ್ಲ. ಆಡಿದ್ದು ಗೊತ್ತಿದ್ದರೆ ತಾನೇ? ಸಂಕಟವನ್ನು ಒಬ್ಬನೇ ನುಂಗಿಕೊಳ್ಳಬೇಕು, ಅದು ನನಗೆ ಬರುವುದಿಲ್ಲ. ಸೋತ ದಿನ ನನಗೆ ಮಾತು ಬೇಡ, ಊಟ ಬೇಡ. ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತೇನೆ. ಅಮ್ಮನಿಗೆ ಇದು ನನ್ನ ಸ್ಕೂಲಿನ ದಿನಗಳಿಂದ ಗೊತ್ತು. ತಟ್ಟೆ ಮುಚ್ಚಿಟ್ಟು ತನ್ನ ಪಾಡಿಗೆ ತಾನು ಕೆಲಸ ನೋಡಿಕೊಳ್ಳುತ್ತಾಳೆ.

ಹೆಂಡತಿಗೆ ಗೊತ್ತಿರಲಿಲ್ಲ. ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಫುಟ್‌ಬಾಲ್ ನೋಡುವುದನ್ನು ಅವಳು ಕಂಡಿದ್ದಳು, ಸೋಲುವುದನ್ನು ಕಂಡಿರಲಿಲ್ಲ.

ಅವಳ ತವರು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿ. ಸುತ್ತ ಹಿಪ್ಪುನೇರಳೆ ತೋಟ, ಮನೆಯ ಹಿಂದೆಯೇ ರೇಷ್ಮೆ ಹುಳ ಸಾಕುವ ಉದ್ದನೆಯ ಕೊಠಡಿ. ಮನೆಯೊಳಗೆ ತೆಲುಗು, ಬಂದವರೊಂದಿಗೆ ಕನ್ನಡ, ಕೋಪ ಬಂದರೆ ಎರಡೂ. ನಮ್ಮ ಮನೆಯಲ್ಲಿ ಹೊಸ ಅಳಿಯನನ್ನು ಯುಗಾದಿಗೋ ದೀಪಾವಳಿಗೋ ಕರೆಯುತ್ತಾರೆ. ಅವರಿಗೆ ಸಂಕ್ರಾಂತಿಯೇ ದೊಡ್ಡದು. ನನ್ನ ದುರದೃಷ್ಟಕ್ಕೆ ಆ ವರ್ಷ ಏಷ್ಯಾದ ಫುಟ್‌ಬಾಲ್ ಟೂರ್ನಿಯೂ ಸಂಕ್ರಾಂತಿಯ ಆಸುಪಾಸಿನಲ್ಲೇ ಬಂತು.

ಮೊದಲ ಪಂದ್ಯವನ್ನು ಹಬ್ಬಕ್ಕೆ ಹೋಗುವ ಬಸ್ಸಿನಲ್ಲೇ ನೋಡಿ ಸೋತೆ. ಎದುರಿಗಿದ್ದದ್ದು ಬಲಾಢ್ಯ ತಂಡ, ಅದನ್ನು ಹೇಗೋ ಹೊಟ್ಟೆಗೆ ಹಾಕಿಕೊಂಡೆ. ಹಬ್ಬ ಚೆನ್ನಾಗಿಯೇ ಆಯಿತು. ಎಳ್ಳು ಬೆಲ್ಲ, ಕಜ್ಜಾಯ, ಹೊಸ ಪಂಚೆ ಎಲ್ಲವನ್ನೂ ನಗುನಗುತ್ತ ತೆಗೆದುಕೊಂಡೆ. ಹೊರಡುತ್ತೇನೆ ಎಂದಾಗ ಅತ್ತೆ, "ಅದೇನ್ ಅವಸರ, ಶನಿವಾರದವರೆಗೂ ಇದ್ದು ಹೋಗೀರಂತೆ" ಎಂದು ತಡೆದರು. ಎರಡನೇ ಪಂದ್ಯ ಬಂದದ್ದು ಆಮೇಲೆ, ಹಬ್ಬ ಕಳೆದ ಮೂರನೆಯ ದಿನದ ರಾತ್ರಿ. ಟಿವಿಯಲ್ಲಿ ಅತ್ತೆಯ ಧಾರಾವಾಹಿ. ನಾನು ಫೋನು ಹಿಡಿದು ಮಾಳಿಗೆಯ ಮೇಲೆ ಹೋದೆ.

ಎದುರು ತಂಡ ಮೊದಲ ಗೋಲು ಹೊಡೆದಾಗ ನಾನು ಇನ್ನೂ ಇಯರ್‌ಫೋನಿನ ಸಿಕ್ಕು ಬಿಡಿಸುತ್ತಿದ್ದೆ. ಆಮೇಲೆ ಬಿಡಿಸಬಾರದಿತ್ತು ಎನಿಸಿತು. ನಮ್ಮವರ ಕಾಲಿಗೆ ಚೆಂಡು ಸಿಕ್ಕರೆ ಮುಂದಕ್ಕೆ ಹೋಗುವುದೇ ಇಲ್ಲ. ಇವನು ಹಿಂದಿನವನಿಗೆ, ಹಿಂದಿನವನು ಪಕ್ಕದವನಿಗೆ, ಪಕ್ಕದವನು ಮತ್ತೆ ಹಿಂದಕ್ಕೆ. ಕೊನೆಗೆ ಗೋಲ್‌ಕೀಪರ್ ಅದನ್ನು ಎತ್ತಿ ಒದ್ದು ಎದುರಾಳಿಯ ಕಾಲಿಗೇ ಒಪ್ಪಿಸುತ್ತಾನೆ. ಒಮ್ಮೆ ನಮ್ಮದೊಂದು ಹೊಡೆತ ಕಂಬಕ್ಕೆ ಬಡಿಯಿತು. ನಾನು ಮಾಳಿಗೆಯ ಉದ್ದಕ್ಕೂ ಓಡಾಡಿದೆ, ತಲೆ ಚಚ್ಚಿಕೊಂಡೆ, ಆ ಚಳಿಯಲ್ಲಿ ಬೆವತೆ. ಮೂರು ಗೋಲು ಬಿಟ್ಟುಕೊಟ್ಟರು, ಒಂದೂ ಹೊಡೆಯಲಿಲ್ಲ. ನನಗೆ ಸಿಟ್ಟಿಗಿಂತ ಅಳು ಹೆಚ್ಚಾಗಿ ಬಂದಿತ್ತು.

ಕೆಳಗೆ ಬಂದರೆ ಅತ್ತೆ ಅಳಿಯನಿಗೆಂದು ನಾಟಿ ಕೋಳಿ ಸಾರು ಮಾಡಿ ಮುದ್ದೆ ಬಡಿಸಿಟ್ಟಿದ್ದರು. "ಬೇಡ ಅತ್ತೆ, ಹಸಿವಿಲ್ಲ" ಎಂದು ರೂಮಿಗೆ ಹೋಗಿ, ಗೋಡೆಯ ಕಡೆ ತಿರುಗಿ ಮಲಗಿದೆ.

ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಆ ಮನೆಗಳಲ್ಲಿ ಹೊಸ ಅಳಿಯ ಮೊದಲ ಸಂಕ್ರಾಂತಿಗೆ ಬಂದು ಮುನಿಸಿಕೊಳ್ಳುವ ಪದ್ಧತಿ ಇದೆ. ಅದಕ್ಕೆ ತೆಲುಗಿನಲ್ಲಿ ಅಲಕ ಎಂದು ಹೆಸರು. ಅಳಿಯ ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಊಟ ಬಿಡುತ್ತಾನೆ, ಗೋಡೆಯ ಕಡೆ ತಿರುಗಿ ಮಲಗುತ್ತಾನೆ, ಏನು ಬೇಕೆಂದರೆ ಏನೂ ಬೇಡ ಎನ್ನುತ್ತಾನೆ. ಮಾವನ ಮನೆಯವರೇ ಊಹಿಸಿ ಉಂಗುರವನ್ನೋ ಬೈಕನ್ನೋ ತಂದುಕೊಟ್ಟು ಎಬ್ಬಿಸಬೇಕು. ನಾನು ಒಂದಂಶವನ್ನೂ ಬಿಡದೆ ಶಾಸ್ತ್ರೋಕ್ತವಾಗಿ ಎಲ್ಲವನ್ನೂ ಮಾಡಿದ್ದೆ.

"ಅಲ್ಲುಡು ಅಲಿಗಾಡು" ಎಂದು ಅತ್ತೆ ಅಡುಗೆಮನೆಯಲ್ಲಿ ಪಿಸುಗುಟ್ಟಿದರಂತೆ. ಅಳಿಯ ಮುನಿಸಿಕೊಂಡ. ಮಾಳಿಗೆಯ ಮೇಲೆ ನಾನು ಕೈ ಆಡಿಸಿಕೊಂಡು ಓಡಾಡುತ್ತಿದ್ದದ್ದನ್ನು ಅವರು ಕಂಡಿದ್ದರು. ಗೌರಿಬಿದನೂರಿನಿಂದ ನನ್ನಮ್ಮ ಫೋನು ಮಾಡಿ ಕಿವಿ ಊದಿದ್ದಾಳೆ ಎಂದು ತೀರ್ಮಾನವಾಯಿತು. ಪಾಪ, ನನ್ನಮ್ಮ ಆ ಹೊತ್ತಿಗೆ ಮಲಗಿ ಗೊರಕೆ ಹೊಡೆಯುತ್ತಿದ್ದಳು.

ಮರುದಿನ ನನ್ನ ಮುಖ ಇನ್ನೂ ಕೆಟ್ಟಿತ್ತು. ಬೆಳಗ್ಗೆ ಹೆಂಡತಿ ಕಾಫಿ ತಂದು, "ಏನ್ ಬೇಕು ಹೇಳ್ರಿ" ಎಂದಳು. "ಏನೂ ಬೇಡ ಕಣೇ" ಎಂದೆ. ಹನ್ನೊಂದು ಜನ ಗಂಡಸರು ಎಲ್ಲೋ ಮರಳುಗಾಡಿನ ದೇಶದಲ್ಲಿ ಸೋತರೆಂದು ಕೋಳಿ ಸಾರು ಬಿಟ್ಟೆ ಎಂದು ಹೊಸ ಹೆಂಡತಿಗೆ ಹೇಗೆ ಹೇಳುವುದು? ನಾಚಿಕೆಯಾಯಿತು. ಅವಳು ಕಣ್ಣು ತುಂಬಿಕೊಂಡು ಹೊರಗೆ ಹೋದಳು. ಒಲೆಯ ಹೊಗೆ ಇರಬೇಕು ಎಂದುಕೊಂಡೆ.

ಮಧ್ಯಾಹ್ನ ಅತ್ತೆ ಮಾವನ ಉಂಗುರ ಹಿಡಿದು ಬಂದರು. "ಸುಮ್ನೆ ಹಾಕ್ಕೊಂಡ್ ನೋಡಪ್ಪ" ಎಂದರು. ನನಗೆ ಆಶ್ಚರ್ಯವಾದರೂ ದೊಡ್ಡವರ ಮಾತೆಂದು ಹಾಕಿಕೊಂಡೆ. ಸಡಿಲವಾಗಿತ್ತು. "ನನಗೆ ಇದು ಆಗಲ್ಲ ಅತ್ತೆ" ಎಂದು ತೆಗೆದು ಅವರ ಕೈಗೇ ಕೊಟ್ಟು, ಮತ್ತೆ ಫೋನಿನಲ್ಲಿ ಪಂದ್ಯದ ಪೋಸ್ಟ್‌ಮಾರ್ಟಂ ಓದತೊಡಗಿದೆ. ಅಳಿಯನಿಗೆ ಉಂಗುರ ಸಾಲದು, ಇನ್ನೂ ದೊಡ್ಡದನ್ನೇ ನೋಡುತ್ತಿದ್ದಾನೆ ಎಂಬ ಸುದ್ದಿ ಹಿತ್ತಿಲು ದಾಟಿ ಚಿಕ್ಕಮಾವನ ಮನೆಯವರೆಗೂ ಹೋಯಿತು.

ಶನಿವಾರ ಬೆಳಗ್ಗೆ ಮಾವ ನನ್ನನ್ನು ಹುಳದ ಮನೆಗೆ ಕರೆದರು. ಮಾವ ಹೆಚ್ಚು ಮಾತಾಡುವವರಲ್ಲ. ಹಬ್ಬದ ಅಷ್ಟೂ ದಿನ ನನ್ನೊಂದಿಗೆ ಆಡಿದ್ದು ಊಟ ಆಯ್ತಾ, ಬಿಸಿನೀರು ಕಾದಿದೆ, ಇಷ್ಟೇ. ಹೊರಗಿನವರನ್ನು ಅವರು ಹುಳದ ಮನೆಯೊಳಗೆ ಬಿಡುವುದಿಲ್ಲ, ಕಾಲಿನ ಧೂಳಿನಿಂದಲೂ ಹುಳಕ್ಕೆ ರೋಗ ತಗಲುತ್ತದೆಂದು ಭಯ. ಅಂಥವರು ನನ್ನ ಕಾಲಿಗೆ ತಾವೇ ನೀರು ಹಾಕಿ ಒಳಗೆ ಕರೆದುಕೊಂಡು ಹೋದರು. ಹುಳಗಳ ಮೇಲೆ ಸೊಪ್ಪಿನ ಕಡ್ಡಿ ಹರಡುತ್ತ, ನನ್ನ ಮುಖ ನೋಡದೆ ಹೇಳಿದರು:

"ಮನಸಲ್ಲಿ ಏನೈತೋ ಹೇಳ್ಬಿಡಿ ಅಪ್ಪ. ನಂಗೆ ಮಾತು ಬರಲ್ಲ. ನೀವು ಏನ್ ಕೇಳಿದ್ರೂ ಹೆಂಗಾದ್ರೂ ಮಾಡಿ ತಂದ್ಕೊಡ್ತೀನಿ. ನನ್ ಮಗಳ ಮೇಲೆ ಮಾತ್ರ ಕೋಪ ಇಟ್ಕೋಬೇಡಿ."

ಆಗಲೂ ನನಗೆ ಪೂರ್ತಿ ಅರ್ಥವಾಗಲಿಲ್ಲ. ನನ್ನ ಸಂಕಟ ಇವರಿಗೆ ಹೇಗೋ ತಿಳಿದಿದೆ ಎಂದುಕೊಂಡೆ. ಎರಡು ದಿನದಿಂದ ಕಟ್ಟಿಕೊಂಡದ್ದು ಒಮ್ಮೆಲೇ ಹೊರಗೆ ಬಂತು. "ಒಂದು ಗೋಲು ಮಾವ. ಒಂದೇ ಒಂದು ಗೋಲು. ಅಷ್ಟೇ ಸಾಕಿತ್ತು ನನಗೆ" ಎಂದೆ.

ಮಾವ ಸೊಪ್ಪು ಹಾಕುವುದನ್ನು ನಿಲ್ಲಿಸಿ ಬಹಳ ಹೊತ್ತು ಯೋಚಿಸಿದರು. "ಅದು ಚಿಂತಾಮಣೀಲೇ ಸಿಗುತ್ತಾ, ಇಲ್ಲ ಬೆಂಗಳೂರಿಗೇ ಹೋಗ್ಬೇಕಾ?" ಎಂದು ಕೇಳಿದರು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಮುಖದಲ್ಲಿ ಹೆದರಿಕೆಯಿತ್ತು. ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಇಂಡಿಯಾ, ಟೂರ್ನಿ, ಕಂಬಕ್ಕೆ ಬಡಿದ ಚೆಂಡು. "ಆಟಕ್ಕಾ?" ಎಂದರು. "ಆಟಕ್ಕೆ ಊಟ ಬಿಟ್ರಾ? ಬೇರೆ ಏನೂ ಇಲ್ವಾ?" ದೇವರಾಣೆ ಬೇರೆ ಏನೂ ಇಲ್ಲ ಮಾವ ಎಂದೆ. ಅವರು ಸೊಪ್ಪಿನ ಕಟ್ಟಿನ ಮೇಲೆ ಕುಳಿತು, ಹೆಗಲ ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಸುದ್ದಿ ತಿಳಿದು ಅತ್ತೆ ಹೊಟ್ಟೆ ಹಿಡಿದು ನಕ್ಕರು. ಹೆಂಡತಿ ನಗಲಿಲ್ಲ. ಗೌರಿಬಿದನೂರಿಗೆ ವಾಪಸಾಗುವ ಬಸ್ಸಿನಲ್ಲಿ ಚಿಕ್ಕಬಳ್ಳಾಪುರ ಬರುವವರೆಗೂ ಕಿಟಕಿಯ ಕಡೆಯೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: "ಈ ಊರಿಗೇ ಅಲ್ವಾ ನಮ್ಮಕ್ಕನ್ನ ಕೊಟ್ಟಿರೋದು. ಭಾವಾನೂ ಮೊದಲನೇ ಸಂಕ್ರಾಂತಿಗೆ ಬಂದು ಹಿಂಗೇ ಊಟ ಬಿಟ್ಟು ಮಲಗಿದ್ರು. ಅಪ್ಪ ಓಡಾಡಿ ಒಂದು ಬೈಕ್ ತಂದು ಬಾಗಿಲಲ್ಲಿ ನಿಲ್ಸಿದ್ರು. ಅದನ್ನ ಹತ್ಕೊಂಡು ಹೋದೋರು ಮತ್ತೆ ನಮ್ಮನೆ ಮೆಟ್ಟಿಲು ಹತ್ತಿಲ್ಲ. ಕೊಟ್ಟಿದ್ದು ಸಾಲ್ಲಿಲ್ಲ ಅಂತ ಅಮ್ಮ ಇವತ್ತಿಗೂ ಕೊರಗ್ತಾರೆ. ಅಕ್ಕ ಯಾವಾಗ್ಲಾದ್ರೂ ಬಂದ್ರೆ ಬೆಳಗ್ಗೆ ಬಂದು ಸಾಯಂಕಾಲ ಹೊರಟುಹೋಗ್ತಾಳೆ." ಈಗ ನನ್ನ ಕಡೆ ತಿರುಗಿ, "ಇವರು ಏನೂ ಕೇಳೋರಲ್ಲಪ್ಪ ಅಂತ ನಾನೇ ಅಪ್ಪಂಗೆ ಹೇಳಿ ನಿಮ್ಮನ್ನ ಒಪ್ಪಿಕೊಂಡಿದ್ದು. ನಿನ್ನೆ ಅಪ್ಪನ ಎದುರಿಗೆ ನಿಲ್ಲೋಕೇ ಆಗ್ಲಿಲ್ಲ ನಂಗೆ. ಅಪ್ಪಾನೂ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ಗೊತ್ತಾ ನಿಮಗೆ?" ಎಂದಳು.

ಗೊತ್ತಿರಲಿಲ್ಲ. ಒಬ್ಬಳು ಮಗಳು ಹೀಗೆ ದೂರವಾದ ಮೇಲೆ ಇನ್ನೊಬ್ಬಳೂ ದೂರವಾಗುತ್ತಾಳೆಂದು ಆ ಮನುಷ್ಯ ಎರಡು ದಿನ ಎಷ್ಟು ನಡುಗಿರಬಹುದು ಎಂದು ನೆನೆದೆ. ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಅದೇ ದೊಡ್ಡದು.

ಮಂಗಳವಾರ ಕೊನೆಯ ಪಂದ್ಯ. ಗೆದ್ದರೆ ಒಂದಿಷ್ಟು ಆಸೆ, ಸೋತರೆ ಮನೆಗೆ. ಕಚೇರಿಯಿಂದ ಬೇಗ ಬಂದು ನೋಡಿದರೆ ಮಾವ ನಮ್ಮ ಜಗಲಿಯಲ್ಲಿ ಕುಳಿತಿದ್ದಾರೆ! ಇಸ್ತ್ರಿ ಮಾಡಿದ ಬಿಳಿ ಶರ್ಟು, ಪಕ್ಕದಲ್ಲಿ ಒಂದು ಚೀಲ ಅವರೆಕಾಯಿ. ಹುಳಗಳು ರಾಶಿ ರಾಶಿ ಸೊಪ್ಪು ತಿನ್ನುವ ಸಮಯ, ಮನೆ ಬಿಟ್ಟು ಅಲುಗಾಡುವಂತಿಲ್ಲ. ತಮ್ಮನಿಗೆ ಒಪ್ಪಿಸಿ ಮೂರು ಬಸ್ಸು ಬದಲಿಸಿ ಬಂದಿದ್ದರು. "ಇವತ್ತೇ ಅಲ್ವಾ ನಿಮ್ಮ ಆಟ? ಒಬ್ರೇ ನೋಡ್ತೀರಾ ಅಂತ ಬಂದೆ" ಎಂದರು.

ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಮದುವೆ ಮಾತುಕತೆಗೆ ಬಂದವರಂತೆ ಮಂಡಿಯ ಮೇಲೆ ಕೈ ಇಟ್ಟುಕೊಂಡು ನೋಡಿದರು. ಕೇಳಿದ್ದು ಒಂದೇ ಪ್ರಶ್ನೆ, ನಮ್ಮೋರು ಯಾವ ಕಡೆಗೆ ಹೊಡೀಬೇಕು. ತೋರಿಸಿದೆ. ಅರ್ಧ ಆಟದ ನಂತರ ತಂಡಗಳು ಕಡೆ ಬದಲಿಸುತ್ತವೆಂದು ಹೇಳಲು ಮರೆತೆ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಚೆಂಡು ಬಲೆಗೆ ಬಿತ್ತು. ಮಾವನ ಮುಖ ಅರಳಿತು. ಚಪ್ಪಾಳೆಗೆಂದು ಕೈ ಎತ್ತಿದವರು ನನ್ನ ಮುಖ ನೋಡಿ ಮೆಲ್ಲಗೆ ಇಳಿಸಿದರು.

ಅಷ್ಟೇ. ಮೂರು ಪಂದ್ಯ, ಮೂರು ಸೋಲು, ಒಂದೂ ಗೋಲಿಲ್ಲ. ದೊಡ್ಡ ತಂಡಗಳು ಬೆವರು ಒರೆಸಿಕೊಳ್ಳುವ ಮೊದಲೇ ನಮ್ಮವರು ಗಂಟುಮೂಟೆ ಕಟ್ಟಿದ್ದರು. ಇನ್ನು ಸಾಯುವವರೆಗೂ ಈ ತಂಡದ ಆಟ ನೋಡುವುದಿಲ್ಲ ಎಂದು ರಿಮೋಟನ್ನು ಸೋಫಾ ಮೇಲೆ ಎಸೆದೆ. ಮಾವ ಇದ್ದಾರೆಂಬ ಮರ್ಯಾದೆಯೂ ಇಲ್ಲದೆ ರೂಮಿಗೆ ಹೋಗಿ, ಗೋಡೆಯ ಕಡೆ ತಿರುಗಿ ಮಲಗಿದೆ.

ಊಟದ ಹೊತ್ತಿಗೆ ಅಮ್ಮನ ದನಿ ಕೇಳಿತು. "ಅವನು ಹಂಗೇ ಕಣ್ರೀ, ನಾಳೆ ಸರಿಹೋಗ್ತಾನೆ. ನೀವು ಬನ್ನಿ, ತಣ್ಣಗಾಗುತ್ತೆ."

"ಇರ್ಲಿ ಬಿಡಮ್ಮ" ಎಂದರು ಮಾವ. ದನಿ ನನ್ನ ಬೆನ್ನ ಹಿಂದೆಯೇ ಇತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಯಾವಾಗ ಬಂದು ಕುಳಿತಿದ್ದರೋ. "ಅವರು ಎದ್ಮೇಲೆ ಇಬ್ರೂ ಒಟ್ಟಿಗೆ ಉಣ್ತೀವಿ."

ಆಮೇಲೆ ಏನೂ ಮಾತಾಡಲಿಲ್ಲ. ಹೋಗಲಿ ಬಿಡಿ ಎನ್ನಲಿಲ್ಲ, ಆಟಕ್ಕೆ ಇಷ್ಟೊಂದಾ ಎನ್ನಲಿಲ್ಲ, ಸುಮ್ಮನೆ ಕುಳಿತಿದ್ದರು. ಇಷ್ಟು ವರ್ಷಗಳಲ್ಲಿ ನನ್ನ ಸೋಲಿಗೆ ಹೀಗೆ ಯಾರೂ ಜೊತೆಗೆ ಕುಳಿತಿರಲಿಲ್ಲ. ಹಸಿದ ಹಿರಿಯರನ್ನು ಕೂರಿಸಿಕೊಂಡು ಎಷ್ಟು ಹೊತ್ತು ಮಲಗಲಾಗುತ್ತದೆ? ಎದ್ದೆ. ಇಬ್ಬರೂ ಉಂಡೆವು. ನನ್ನ ಹೆಂಡತಿ ಇಬ್ಬರಿಗೂ ಒಂದೊಂದು ಮುದ್ದೆ ಹೆಚ್ಚಿಗೆ ಹಾಕಿದಳು, ಇಬ್ಬರೂ ಬೇಡ ಎನ್ನಲಿಲ್ಲ.

ಮರುದಿನ ಬೆಳಗ್ಗೆ ಅವರನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂರಿಸಿ, ಅಲ್ಲಿಂದ ಶಿಡ್ಲಘಟ್ಟದ ಬಸ್ಸು ತಕ್ಷಣ ಸಿಗುತ್ತದೆ ಎಂದು ಹೇಳಿದೆ.

"ಇಲ್ಲಪ್ಪ, ಇವತ್ತು ಚಿಕ್ಕಬಳ್ಳಾಪುರದಲ್ಲೇ ಇಳ್ಕೊಂತೀನಿ" ಎಂದರು. "ದೊಡ್ಡ ಮಗಳ ಮನೆಗೆ ಹೋಗಿ ಬರ್ತೀನಿ."

ಹುಳಕ್ಕೆ ಸೊಪ್ಪು ಹಾಕುವುದು ಇವತ್ತೂ ಅವರ ತಮ್ಮನೇ. ಡ್ರೈವರ್ ಹತ್ತಿ ಕುಳಿತ. ಮಾವ ಕಿಟಕಿಯ ಸರಳು ಹಿಡಿದು ನನ್ನ ಕಡೆ ಬಗ್ಗಿದರು.

"ಆವತ್ತು ದೊಡ್ಡ ಅಳಿಯ ಊಟ ಬಿಟ್ಟು ಮಲಗಿದ್ದಾಗ ಏನ್ ಬೇಕು, ಏನ್ ಬೇಕು ಅಂತ ಮನೆಯೋರೆಲ್ಲ ಕೇಳಿದ್ವಿ" ಎಂದರು. "ಏನಾಯ್ತಪ್ಪ ಅಂತ ಒಬ್ರೂ ಕೇಳ್ಲಿಲ್ಲ."